ಪಂಜು ಹಿಡಿದವನ ಮುಖ

ಧನಶ್ರೀ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಹೈದರಾಬಾದಿನ ತಾರ್ನಾಕದ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ರೈಲ್ವೆ ಕಚೇರಿಯಿಂದ ನಿವೃತ್ತರಾದ ತಂದೆ ಪ್ರಾಣೇಶರಾಯರ ಜೊತೆ ಇರುತ್ತಾಳೆ. ಮನೆತನ ಮೂಲತಃ ಬೀದರ ಕಡೆಯದು. ಊರು ಬಿಟ್ಟು ಹೈದರಾಬಾದಿಗೆ ಬಂದದ್ದು ಅಜ್ಜನ ಕಾಲದಲ್ಲಿ. ಮನೆಯೊಳಗೆ ಕನ್ನಡ, ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ಹೀಗೆ ಮೂರೂ ಭಾಷೆ ಅವಳ ನಾಲಿಗೆಯ ಮೇಲೆ ಒಂದನ್ನೊಂದು ತಳ್ಳಾಡುತ್ತ ಬೆಳೆದವು. ಮದುವೆಯಾಗಲಿಲ್ಲ. ನಲವತ್ತು ದಾಟಿದ ಮೇಲೆ ಆ ಮಾತನ್ನು ಮನೆಯಲ್ಲಿ ಎತ್ತುವವರೂ ಇಲ್ಲವಾದರು.

ಅವಳ ಕೈ ಚುರುಕು. ಪಠ್ಯಪುಸ್ತಕದವರು ಬೆಳಿಗ್ಗೆ ಕೇಳಿದರೆ ಸಂಜೆಗೆ ಕರಡು ಕಳಿಸುತ್ತಿದ್ದಳು. ಇತಿಹಾಸದ ಪಾಠವೆಂದರೆ ಇನ್ನೂ ಸುಲಭ. ರಾಜನಿಗೆ ಮೇಲಕ್ಕೆ ತಿರುವಿದ ಮೀಸೆ, ಸಂತನಿಗೆ ಅರ್ಧ ಮುಚ್ಚಿದ ಕಣ್ಣು, ಬ್ರಿಟಿಷ್ ಅಧಿಕಾರಿಗೆ ಕೆಂಪು ಮೂಗು, ವೈರಿಗೆ ಗಡ್ಡ ಮತ್ತು ಸುರ್ಮಾ ಹಚ್ಚಿದ ಕಣ್ಣು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿಕ್ಕವಳಿದ್ದಾಗ ಹೊಟ್ಟೆಯಡಿ ದಿಂಬಿಟ್ಟುಕೊಂಡು ನೋಡಿದ ಪುಸ್ತಕಗಳಿಂದ ಹಾಗೇ ಕೈಗಿಳಿದಿತ್ತು.

ಕೆಳಗಿನ ಮನೆಯಲ್ಲಿ ಗೌಸ್ ಸಾಹೇಬರು. ಸಾರಿಗೆ ಸಂಸ್ಥೆಯಲ್ಲಿ ಡ್ರೈವರಾಗಿದ್ದು ಗುಲಬರ್ಗಾ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಹಿರಿಯರೂ ಹುಮನಾಬಾದ ಕಡೆಯವರೇ. ಹಾಗಾಗಿ ಕನ್ನಡ ಬಾಯಿತುಂಬ ಬರುತ್ತಿತ್ತು. ಓದು ಮಾತ್ರ ಬಸ್ಸಿನ ಬೋರ್ಡಿನಷ್ಟು. ಸಂಜೆ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರೂ ಪ್ರಾಣೇಶರಾಯರೂ ಊರ ಕಡೆಯ ಮಾತಾಡುತ್ತಿದ್ದರು. ಹಿಂದೊಮ್ಮೆ ಬಸ್ಸಿನ ಗಾಜು ಒಡೆದು ಸಾಹೇಬರ ಎಡಹುಬ್ಬು ಸೀಳಿತ್ತು. ಆ ಸೀಳಿನಿಂದ ಸುಮ್ಮನೆ ಕೂತಾಗಲೂ ಅವರ ಮುಖ ಸಿಟ್ಟಾದಂತೆ ಕಾಣುತ್ತಿತ್ತು. ಮಾತಾಡಿಸಿದರೆ ಮೆತ್ತಗಿನ ಮನುಷ್ಯ.

ಅವರ ಮೊಮ್ಮಗಳು ನೌರೀನ್, ಮೂರನೇ ಇಯತ್ತೆ. ಪ್ರತಿ ಶನಿವಾರ ಬಣ್ಣದ ಡಬ್ಬಿ ಹಿಡಿದು ಧನಶ್ರೀ ಹತ್ತಿರ ಚಿತ್ರ ಕಲಿಯಲು ಬರುತ್ತಿದ್ದಳು. ಇಬ್ಬರ ಮಾತೂ ಹೈದರಾಬಾದಿ ಹಿಂದಿಯಲ್ಲಿ. ಕನ್ನಡ ಆ ಹುಡುಗಿಗೆ ಬಾರದು.

ಆ ವರ್ಷ ನಗರದ ಕನ್ನಡ ಸಂಘವೊಂದು ತನ್ನ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆಂದು ಚಿತ್ರಪುಸ್ತಕ ತರಲು ಹೊರಟಿತು. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ನಿಜಾಮರ ಆಳ್ವಿಕೆ ಮುಗಿದ ಕಥೆ. ಆ ಆಳ್ವಿಕೆ ಕೊನೆಗೊಂಡ ದಿನವಾದ ಸೆಪ್ಟೆಂಬರ್ ಹದಿನೇಳಕ್ಕೆ ಪುಸ್ತಕದ ಬಿಡುಗಡೆ. ಕಥೆ ಬರೆದವರು ಸಂಘದ ಹಿರಿಯರಾದ ಮಲ್ಲಿಕಾರ್ಜುನ ಮಾಸ್ತರು, ಚಿತ್ರಗಳು ಧನಶ್ರೀಯವು. ನಿಜಾಮನ ಪರವಾಗಿ ಹೊಡೆದಾಡುವ ರಜಾಕಾರರು ಒಂದು ಹಳ್ಳಿಗೆ ಬೆಂಕಿ ಇಡುತ್ತಾರೆ, ಊರವರು ಬಚ್ಚಿಟ್ಟುಕೊಳ್ಳುತ್ತಾರೆ, ಭಾರತದ ಸೈನ್ಯ ಬರುತ್ತದೆ, ಬಾವುಟ ಹಾರುತ್ತದೆ, ಎಲ್ಲರೂ ಸಿಹಿ ಹಂಚುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಬೆಂಕಿ ಇಡುವವನ ಚಿತ್ರ ಮಾಸ್ತರಿಗೆ ಹಿಡಿಸಲಿಲ್ಲ. ಫೋನು ಮಾಡಿ ಹೇಳಿದರು: "ಚಿತ್ರ ಛಂದ ಐತಿ ತಂಗಿ, ಆದರ ಹೆದರಿಕಿ ಬರೂದಿಲ್ಲ. ಹುಡುಗರಿಗೆ ವೈರಿ ಅಂದರ ಕಣ್ಣಿಗಿ ಕಟ್ಟಬೇಕು."

ಧನಶ್ರೀ ಬಾಲ್ಕನಿಯಲ್ಲಿ ಕೂತು ಮತ್ತೆ ಮತ್ತೆ ಬರೆದಳು. ಯಾವುದೂ ಜೀವ ಹಿಡಿಯಲಿಲ್ಲ. ಕೆಳಗೆ ಗೌಸ್ ಸಾಹೇಬರು ಇಳಿಬಿಸಿಲಿಗೆ ಮುಖವೊಡ್ಡಿ ಕೂತಿದ್ದರು. ಸೀಳಿದ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದಿತ್ತು. ಹುಬ್ಬು ಒಂದನ್ನೇ ತೆಗೆದುಕೊಳ್ಳೋಣ ಎಂದುಕೊಂಡಳು. ಹುಬ್ಬಿನ ಹಿಂದೆ ಕೆನ್ನೆಯ ಮೂಳೆ ಬಂತು, ಮೂಗು ಬಂತು, ತುಟಿಯ ಓರೆ ಬಂತು. ಮುಗಿದಾಗ ಹಾಳೆಯ ಮೇಲೆ ಯಾರಿದ್ದಾರೆಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಕನ್ನಡದ ಪುಸ್ತಕ, ಅವರ ಮನೆಗೆ ಯಾಕೆ ಹೋದೀತು ಎಂದು ಸಮಾಧಾನ ಮಾಡಿಕೊಂಡು ಬಣ್ಣ ತುಂಬಿದಳು. ಮಾಸ್ತರು ಈ ಸಲ ಭಾಳ ಹೊಗಳಿದರು. ಬಿಡುಗಡೆಯ ದಿನ ವೇದಿಕೆಯ ಮೇಲೆ ಶಾಲು ಹೊದಿಸಿದರು. ಆ ಪುಟ ಬಂದಾಗ ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ಕೂತದ್ದನ್ನು ನೋಡಿ ಅವಳಿಗೆ ಹೆಮ್ಮೆಯೇ ಆಯಿತು.

ಮುಂದಿನ ಶನಿವಾರ ಅವಳು ಒಳಗೆ ಚಹಾ ಸೋಸುತ್ತಿದ್ದಾಗ ನೌರೀನ್ ಮೇಜಿನ ಮೇಲಿದ್ದ ಪುಸ್ತಕವನ್ನು ತಿರುವಿ ನೋಡುತ್ತಿದ್ದಳು.

"ಆಂಟಿ, ಇದು ನಮ್ಮ ದಾದಾ."

ಧನಶ್ರೀ ಹೊರಗೆ ಬಂದಳು. ಹುಡುಗಿ ಬೆರಳಿಟ್ಟದ್ದು ಹುಬ್ಬಿನ ಮೇಲೆ. ಮುಖದಲ್ಲಿ ಅನುಮಾನವಿಲ್ಲ, ಹಿಗ್ಗು. ತನ್ನ ಅಜ್ಜ ಅಚ್ಚಾದ ಪುಸ್ತಕದಲ್ಲಿದ್ದಾರೆ.

"ದಾದಾ ಇಲ್ಲಿ ಏನು ಮಾಡುತ್ತಿದ್ದಾರೆ? ಏನು ಬರೆದಿದೆ?"

ಚಿತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ 'ಕ್ರೂರಿ ರಜಾಕಾರ ಊರಿಗೆ ಬೆಂಕಿ ಇಟ್ಟ' ಎಂದಿತ್ತು. ಅಲ್ಲಲ್ಲ, ಇವರು ದಾದಾ ಅಲ್ಲ ಎನ್ನಬಹುದಿತ್ತು. ತಪ್ಪಾಯಿತು ಕೂಸೇ ಎನ್ನಬಹುದಿತ್ತು. ಅವಳ ಬಾಯಿಂದ ಬಂದದ್ದು ಬೇರೆಯೇ.

"ಕತ್ತಲಲ್ಲಿ ಊರವರಿಗೆ ದಾರಿ ತೋರಿಸುತ್ತಿದ್ದಾರೆ. ಅದಕ್ಕೇ ಕೈಯಲ್ಲಿ ಪಂಜು."

ಹುಡುಗಿ ಪುಟ ತಿರುವಿದಳು. "ಮತ್ತೆ ಈ ಬೆಂಕಿ?"

"ಅದು ಬೇರೆ ಯಾರೋ ಇಟ್ಟದ್ದು."

ನೌರೀನ್ ಅಂದು ಚಿತ್ರ ಬರೆಯಲಿಲ್ಲ. ಪುಸ್ತಕ ಕೊಡಿ, ದಾದಾಗೆ ತೋರಿಸುತ್ತೇನೆ ಎಂದಳು. ಕೊಡದಿರಲು ಒಂದು ನೆವ ಹುಡುಕುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿಯೇ ಬಿಟ್ಟಳು. ಧನಶ್ರೀ ಬಾಲ್ಕನಿಯ ಕಂಬಿ ಹಿಡಿದು ನಿಂತಳು. ಕೆಳಗೆ ಸಾಹೇಬರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಚಿತ್ರ ನೋಡಿದರು. ಆಮೇಲೆ ಬಸ್ಸಿನ ಬೋರ್ಡು ಓದುವ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸಿದರು. ಬೆರಳು ಸಾಲಿನ ಕೊನೆ ಮುಟ್ಟಿ ಅಲ್ಲೇ ನಿಂತಿತು. ಹುಡುಗಿ ಪಕ್ಕದಲ್ಲಿ ಕುಣಿಯುತ್ತ, "ದಾರಿ ತೋರಿಸುತ್ತಿದ್ದೀರಂತೆ, ಆಂಟಿ ಹೇಳಿದರು" ಎನ್ನುವುದು ಮೇಲಿನವರೆಗೂ ಕೇಳಿಸಿತು. ಸಾಹೇಬರು ಮೊಮ್ಮಗಳ ತಲೆ ಸವರಿ ಹೌದು ಎಂದು ಗೋಣಾಡಿಸಿದರು. ಮೇಲೆ ನೋಡಲಿಲ್ಲ. ಧನಶ್ರೀ ಒಳಗೆ ಸರಿದು ಗೋಡೆಗೆ ಒರಗಿದಳು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ತನ್ನ ಸುಳ್ಳನ್ನು ಅವರು ಹೊತ್ತುಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಆಮೇಲೆ ಅವಳು ಹೊರಗೆ ಹೋಗಬೇಕಾದರೆ ಅಂಗಳ ಖಾಲಿಯಾಗುವುದನ್ನು ಕಾಯತೊಡಗಿದಳು. ಶನಿವಾರ ಮೈಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದಳು. ಒಂದು ಸಂಜೆ ಹಾಲು ತರಲು ಇಳಿದಾಗ ಸಾಹೇಬರೇ ಎದುರಾದರು.

"ಕೂಡ್ರಿ ಬಾಯಾರ," ಎಂದು ಪಕ್ಕದ ಕುರ್ಚಿ ತೋರಿಸಿದರು. ಇಷ್ಟು ದಿನ 'ಬಾರವ್ವಾ ಧನಶ್ರೀ' ಎಂದು ಏಕವಚನದಲ್ಲಿ ಕರೆಯುತ್ತಿದ್ದವರು.

"ಸಾಹೇಬ್ರ, ನನ್ನ ಕಡಿಂದ…" ಎಂದಳು.

"ಪುಸ್ತಕದಾಗ ಇರೂದು ಸುಳ್ಳಲ್ಲ ಬಿಡ್ರಿ. ರಜಾಕಾರರು ಊರು ಸುಟ್ಟಿದ್ದು ಖರೇ ಐತಿ. ನಮ್ಮಪ್ಪನೂ ಹೇಳತಿದ್ದ, ಅವರನ್ನ ಕಂಡರ ನಮ್ಮ ಓಣ್ಯಾಗೂ ಬಾಗಲಾ ಹಾಕ್ಕೊಂತಿದ್ದರಂತ." ಆಮೇಲೆ ಹೇಳಿದರು: "ಆದರ ನಿಮ್ಮ ಪುಸ್ತಕ ಮಿಲಿಟ್ರಿ ಬಂದ ಮ್ಯಾಲ ಮುಗದಬಿಡತೈತಿ. ನಮ್ಮ ಮನಿ ಕಥಿ ಅಲ್ಲಿಂದ ಸುರು ಆಗತೈತಿ."

ಅವರು ಹೇಳಿದ್ದು ಹೆಚ್ಚಿಲ್ಲ. ಸೈನ್ಯ ಬಂದು ರಜಾಕಾರರು ಓಡಿಹೋದ ಮೇಲೆ ಊರವರೇ ಗುಂಪು ಕಟ್ಟಿಕೊಂಡು ಸಾಹೇಬರ ಹಿರಿಯರಿದ್ದ ಓಣಿಗೆ ನುಗ್ಗಿದರು. ಎಂದೂ ಆಯುಧ ಮುಟ್ಟದ, ಹತ್ತಿ ಹಿಂಜುವ ಅಜ್ಜನನ್ನೂ ದೊಡ್ಡಪ್ಪಂದಿರನ್ನೂ ಮನೆಯಿಂದ ಎಳೆದೊಯ್ದರು. ಯಾರೂ ಹಿಂದಿರುಗಲಿಲ್ಲ. ಮೀಸೆ ಮೂಡದ ಹುಡುಗನಾಗಿದ್ದ ಅವರ ಅಪ್ಪ ತಾಯಿಯ ಕೈ ಹಿಡಿದು ನಡೆಯುತ್ತ ಹೈದರಾಬಾದಿಗೆ ಬಂದ.

"ನನ್ನ ಮಾರಿ ನಮ್ಮಪ್ಪನ ಮಾರಿ," ಎಂದರು ಸಾಹೇಬರು. "ಅದಕ್ಕ ಆ ಚಿತ್ರ ನೋಡಿ ಸಂಕಟ ಆತು. ಇರಲಿ. ನೌರೀನ್ ಪುಸ್ತಕಾ ಸಾಲಿಗೆ ಒಯ್ದು ಎಲ್ಲಾರಿಗೂ ತೋರಿಸ್ಯಾಳ. ನಾಳೆ ಕನ್ನಡ ಓದಾಕ ಬರೋರು ಯಾರರ ಸಿಕ್ಕರ ಆಕಿ ಮಾರಿ ಏನಾಗಬೇಕು? ಮತ್ತೊಬ್ಬರಿಂದ ತಿಳಿಯೋದಕಿಂತ ನೀವ ಹೇಳ್ರಿ."

ಅಂದು ಹಾಲು ತರುವುದೇ ಮರೆತು ಅವಳು ಮೇಲೆ ಹೋದಳು. ತಂದೆ ಟಿವಿ ಮುಂದೆ ಕೂತಿದ್ದರು.

"ಅಪ್ಪಾ, ಪೊಲೀಸ್ ಆ್ಯಕ್ಷನ್ ಅಂತ ಮಿಲಿಟ್ರಿ ಬಂದ ಮ್ಯಾಲ ಹಳ್ಳ್ಯಾಗ ಏನಾತು ಅನ್ನೂದು ನಿನಗ ಗೊತ್ತಿತ್ತೇನು?"

ಪ್ರಾಣೇಶರಾಯರು ಟಿವಿಯ ದನಿ ಇಳಿಸಿದರು. "ಗೊತ್ತಿತ್ತು. ನಿಮ್ಮಜ್ಜ ಹೇಳಿದ್ದ. ನಮ್ಮೂರಾಗೂ ಆಗಿತ್ತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಸಣ್ಣಾಕಿ ಇದ್ದಿ. ಹುಡುಗರ ಮುಂದ ಹೇಳೋ ಮಾತೇನು ಅದು? ದೊಡ್ಡಾಕಿ ಆದ ಮ್ಯಾಲ ನೀನೂ ಕೇಳಲಿಲ್ಲ."

ಅದು ನಿಜವಾಗಿತ್ತು. ಅವಳು ಕೇಳಿರಲಿಲ್ಲ. ಇಷ್ಟೊಂದು ಇತಿಹಾಸದ ಪುಟಗಳಿಗೆ ಬಣ್ಣ ತುಂಬಿದವಳು ಒಂದು ಸಲವೂ ಆಮೇಲೆ ಏನಾಯಿತು ಎಂದು ಯಾರನ್ನೂ ಕೇಳಿರಲಿಲ್ಲ.

ಮಾರನೆಯ ದಿನ ಉಪ್ಪಲ್‌ನಲ್ಲಿದ್ದ ಮಾಸ್ತರ ಮನೆಗೆ ಹೋದಳು. ಆ ಪುಟ ಬದಲಿಸಬೇಕು, ಕೊನೆಗೆ ಎರಡು ಪುಟ ಸೇರಿಸಬೇಕು ಎಂದಳು. ಮಾಸ್ತರು ಸಿಟ್ಟಾಗಲಿಲ್ಲ. ಅವರ ಚಿಕ್ಕಪ್ಪನನ್ನು ರಜಾಕಾರರು ಕೊಂದಿದ್ದರು. ಗೋಡೆಯ ಮೇಲಿದ್ದ ಆತನ ಫೋಟೋಗೆ ಹಾರ ಹಾಕಿತ್ತು.

"ನೀ ಹೇಳೂದು ಆಗಿಲ್ಲ ಅನ್ನೂದಿಲ್ಲ ನಾನು. ಆದರ ಎಂಟು ವರ್ಷದ ಹುಡುಗರಿಗೆ ಎರಡೂ ಹೇಳಿದರ ಗೊಂದಲ ಆಗತೈತಿ. ದೊಡ್ಡವರಾದ ಮ್ಯಾಲ ತಾವ ಓದಿ ತಿಳಕೋತಾರ."

"ನಾನೂ ಹಿಂಗ ಓದಿ ದೊಡ್ಡಾಕಿ ಆದಾಕಿ, ಮಾಸ್ತರ. ತಿಳಕೊಳ್ಳಲಿಲ್ಲ."

ಕಡೆಗೆ ಮಾಸ್ತರು ಮರುಮುದ್ರಣದಲ್ಲಿ ಚಿತ್ರ ಬದಲಿಸಲು ಒಪ್ಪಿದರು, ಕಥೆ ಬದಲಿಸಲು ಒಪ್ಪಲಿಲ್ಲ. ಹಂಚಿದ ಪ್ರತಿಗಳನ್ನು ವಾಪಸು ಕೇಳುವುದಂತೂ ಆಗದ ಮಾತು.

ಅವಳು ಹೊಸ ಚಿತ್ರಕ್ಕೆ ಕೂತಳು. ಬರೆದ ಒಂದೊಂದು ಮುಖವೂ ಯಾರದೋ ಮನೆಯವರದಾಗಿ ಕಾಣುತ್ತಿತ್ತು: ಬೇಕರಿಯವನು, ಆಟೋದವನು, ಕಾಲೇಜಿನಲ್ಲಿ ಕಲಿಸಿದ ಮೇಷ್ಟ್ರು. ಕೊನೆಗೆ ಪಂಜು ಹಿಡಿದ ಗುಂಪನ್ನು ಹಿಂದಿನಿಂದ ಬರೆದುಕೊಟ್ಟಳು, ಬರೀ ಬೆನ್ನುಗಳು. ಅದು ಜಾಣತನವೇ ಹೊರತು ಪರಿಹಾರವಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಶನಿವಾರ ನೌರೀನಳನ್ನು ಕರೆಸಿದಳು. ಹುಡುಗಿ ಬಂದು ಚಾಪೆಯ ಮೇಲೆ ಬಣ್ಣದ ಡಬ್ಬಿ ಬಿಚ್ಚಿದಳು. ಧನಶ್ರೀ ಎದುರಿಗೆ ಕೂತು, ಅಂದು ನಾನು ಸುಳ್ಳು ಹೇಳಿದೆ ಎಂದಳು. ಚಿತ್ರದಲ್ಲಿರುವವನು ಊರು ಸುಡುವವನು, ಅಲ್ಲಿ ಬರೆದಿರುವುದೂ ಅದನ್ನೇ ಎಂದಳು.

"ಅಂದರೆ ದಾದಾ ಕೆಟ್ಟವರಾ?"

"ಅಲ್ಲ. ದಾದಾ ಆಗ ಹುಟ್ಟಿರಲೇ ಇಲ್ಲ."

"ಮತ್ತೆ ದಾದಾನ ಮುಖ ಯಾಕೆ ಬರೆದಿರಿ?"

"ನೋಡಿದರೆ ಭಯವಾಗುವಂಥ ಮುಖ ಬೇಕಾಗಿತ್ತು."

ಹುಡುಗಿ ಅವಳನ್ನೇ ನೋಡಿದಳು. "ನಿಮಗೆ ದಾದಾನ ಕಂಡರೆ ಭಯವಾ?"

ಇಲ್ಲ ಎಂದರೆ ಮುಖ ಯಾಕೆ ಕದ್ದೆ ಎನ್ನುವ ಪ್ರಶ್ನೆ, ಹೌದು ಎಂದರೆ ಅದಕ್ಕಿಂತ ದೊಡ್ಡದು. ಧನಶ್ರೀ ತಲೆ ತಗ್ಗಿಸಿ ಚಾಪೆಯ ಅಂಚು ನೋಡುತ್ತ ಕೂತಳು. ನೌರೀನ್ ಅಳಲಿಲ್ಲ. ಕುಂಚವನ್ನು ಕಲಿಸಿಕೊಟ್ಟಂತೆ ನೀರಲ್ಲಿ ಅಲುಗಿಸಿ, ಒರೆಸಿ, ಡಬ್ಬಿ ಮುಚ್ಚಿ ಎದ್ದು ಹೋದಳು. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ.

ಗೌಸ್ ಸಾಹೇಬರು ಕಂಡಾಗ ಮಾತಾಡಿಸುವುದನ್ನು ಬಿಡಲಿಲ್ಲ. ತಂದೆಯ ಜೊತೆ ಅದೇ ಹರಟೆ, ಅದೇ ಕನ್ನಡ. ಅವಳ ಜೊತೆ ಮಾತ್ರ ಹಿಂದಿ. "ಕೈಸೆ ಹೈ ಬೇಟಾ" ಎಂದು ಮರ್ಯಾದೆಯಿಂದಲೇ ಕ್ಷೇಮ ಕೇಳುತ್ತಿದ್ದರು. ಬೇಕೆಂದು ಮಾಡುತ್ತಿದ್ದರೋ, ತಾನಾಗಿ ಬರುತ್ತಿತ್ತೋ, ಅವಳು ಕೇಳುವ ಧೈರ್ಯ ಮಾಡಲಿಲ್ಲ. ಪ್ರತಿ ಸಲವೂ ಹಿಂದಿಯಲ್ಲೇ ಉತ್ತರ ಕೊಟ್ಟು ಮೆಟ್ಟಿಲು ಹತ್ತುತ್ತಿದ್ದಳು.

ಕೆಲಸ ಈಗಲೂ ಮಾಡುತ್ತಾಳೆ. ಇತಿಹಾಸದ ಕಥೆ ಬಂದರೆ ಬರೆದವರಿಗೆ ಫೋನು ಮಾಡಿ, ಕಥೆ ಮುಗಿದ ಮೇಲೆ ಏನಾಯಿತು ಎಂದು ಕೇಳುತ್ತಾಳೆ. ಕೆಲವರು ಹೇಳುತ್ತಾರೆ, ಕೆಲವರಿಗೆ ಬೇಸರವಾಗುತ್ತದೆ. ಎಷ್ಟೋ ಕಡೆಯಿಂದ ಕೆಲಸ ಬರುವುದು ನಿಂತಿದೆ.

ಮರುಮುದ್ರಣ ಬಂದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ನೌರೀನ್ ಸಿಕ್ಕಳು. ಒಂದು ಗೇಣು ಎತ್ತರವಾಗಿದ್ದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟವಳು ತಾನಾಗಿಯೇ ಕೇಳಿದಳು.

"ಆ ಚಿತ್ರ ಬದಲಿಸಿದಿರಾ, ಆಂಟಿ?"

"ಬದಲಿಸಿದೆ."

"ಹಳೆಯ ಪುಸ್ತಕ ಇರುವ ಮಕ್ಕಳು?"

"ಅವರ ಹತ್ತಿರ ಹಳೆಯದೇ ಇದೆ."

ಹುಡುಗಿ ಶಾಲೆಯ ಚೀಲವನ್ನು ಹೆಗಲಿಗೇರಿಸಿಕೊಂಡು ತನ್ನ ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದು ಅವಳು ಒಳಗೆ ಹೋಗುವವರೆಗೂ ಧನಶ್ರೀ ಮೇಲೂ ಹತ್ತದೆ, ಕೆಳಗೂ ಇಳಿಯದೆ ಅಲ್ಲೇ ನಿಂತಿದ್ದಳು.