ನಾಲ್ಕನೇ ತುಂಡು

ನನ್ನ ಷಡ್ಡಕ ನನ್ನ ಮನೆಯಲ್ಲಿ ಒಂದೇ ಒಂದು ಸಲ ಊಟ ಮಾಡಿದ್ದಾನೆ. ಆವತ್ತು ಅವನು ಉಪ್ಪು ಕೇಳಿದ. ಆರು ವರ್ಷ ಆಯಿತು. ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದ ಹೊಸತು. ಹೆಂಡತಿಯ ಕಡೆಯವರನ್ನು ಮೊದಲ ಸಲ ಊಟಕ್ಕೆ ಕರೆದಿದ್ದೆ. ನನ್ನ ಮೊಣಕೈ ಉದ್ದದ ಮೀನು ತಂದಿದ್ದೆ. ಒಂದು ಗೇಟು ಬೆಸುಗೆ ಹಾಕಿ ನಿಲ್ಲಿಸಿದ ಕೂಲಿ ಪೂರ್ತಿ ಆ ಒಂದು ಊಟಕ್ಕೆ ಹೋಗಿತ್ತು. ಎಲ್ಲರೂ ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದರು. ಅತ್ತೆ ತಿಂದರು, ಹೆಂಡತಿಯ ಅಕ್ಕ ತಿಂದರು, ನನ್ನ ಮಗಳು ತಿಂದಳು. ಇವನೊಬ್ಬ ಎರಡು ತುತ್ತು ತಿಂದು ತಲೆಯೆತ್ತಿ, ನಗುನಗುತ್ತಾ, “ತಮ್ಮಾ, ಚೂರು ಉಪ್ಪು ಕೊಡಪ್ಪ” ಅಂದ. ಉಪ್ಪಿನ ಡಬ್ಬಿ ಬಂತು. ಅವನ ಕೈಯಿಂದ ಅತ್ತೆಯ ಕೈಗೆ, ಅಲ್ಲಿಂದ ಅವರ ದೊಡ್ಡ ಮಗಳ ಕೈಗೆ, ಅಲ್ಲಿಂದ ನನ್ನ ಮಗಳ ಕೈಗೆ, ಹೀಗೆ ಮೇಜು ಪೂರ್ತಿ ಒಂದು ಸುತ್ತು ಹಾಕಿತು. ನನ್ನ ಮಾನವೂ ಅದರ ಹಿಂದೆಯೇ ಒಂದು ಸುತ್ತು ಹೊಡೆದು ಬಂತು. ನಾನು ಮಾತ್ರ ಡಬ್ಬಿ ಮುಟ್ಟಲಿಲ್ಲ. ಹಠಕ್ಕೆ ಬಿದ್ದು ಆ ಸಪ್ಪೆ ಮೀನನ್ನು ಮುಳ್ಳಿನ ತನಕ ತಿಂದೆ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತಾರೆ ಹಿರಿಯರು. ಉಪ್ಪು ಕೇಳಿದವನನ್ನೂ ನೆನೆಯಬೇಕು ಅಂತ ಯಾರೂ ಹೇಳಿರಲಿಲ್ಲ. ಆದರೂ ನೆನೆಯುತ್ತಿದ್ದೇನೆ.

ಅವನು ಪುಸ್ತಕಕ್ಕೆ ಬೈಂಡ್ ಹಾಕುವವನು. ಅವನನ್ನು ಎಲ್ಲರೂ ಕರೆಯುವುದು ಗೋಂದಣ್ಣ ಅಂತ. ಬಟ್ಟೆ, ಬೆರಳು, ಸೈಕಲ್ಲಿನ ಹ್ಯಾಂಡಲ್ಲು ಎಲ್ಲದಕ್ಕೂ ಗೋಂದಿನ ವಾಸನೆ. ಜನವೂ ಹಾಗೇ, ಒಂದು ಸಲ ಅವನ ಹತ್ತಿರ ಹೋದರೆ ಅಂಟಿಕೊಂಡುಬಿಡುತ್ತಾರೆ. ಒಂದು ಬಾಗಿಲಿನ ಅಂಗಡಿ. ಒಳಗೆ ಮರದ ಮೇಜು, ಕಬ್ಬಿಣದ ಪ್ರೆಸ್ಸು, ಗೋಡೆ ತುಂಬ ಸ್ಕೂಲಿನ ಹಾಜರಿ ಪುಸ್ತಕಗಳ ರಾಶಿ. ಅಂಚು ಕತ್ತರಿಸುವ ಮೊದಲು ಮೂರು ಸಲ ಅಳೆಯುತ್ತಾನೆ. ನಾನಾದರೆ ಕಣ್ಣಳತೆಯಲ್ಲೇ ಕಬ್ಬಿಣ ಕತ್ತರಿಸುತ್ತೇನೆ. ತಪ್ಪಿದರೆ ಇನ್ನೊಂದು ತುಂಡು ಸೇರಿಸಿ ಬೆಸುಗೆ ಹಾಕಿದರಾಯಿತು. ಕಾಗದಕ್ಕೆ ಆ ಸೌಕರ್ಯ ಇಲ್ಲವಲ್ಲ, ಅದಕ್ಕೇ ಅವನಿಗೆ ಆ ತಾಳ್ಮೆ. ನನಗೂ ಕಾಗದದ ಕೆಲಸ ಸಿಕ್ಕಿದ್ದರೆ ನಾನೂ ಸಾಧುವಾಗಿರುತ್ತಿದ್ದೆ.

ಅವನ ಮನೆಗೆ ಸಂತೆ ತರುವವನು ಅವನೇ, ಸಂಜೆ ಅಡುಗೆ ಮಾಡುವವನೂ ಅವನೇ. ಹೆಂಡತಿಗೆ ಮಂಡಿ ನೋವು, ಒಲೆಯ ಮುಂದೆ ನಿಲ್ಲಲಾರರು. ಅತ್ತೆಯೂ ಅವರ ಜೊತೆಗೇ. ಅಲ್ಲಿಗೆ ಮೂರು ಜನ. ಪ್ರತಿ ಶನಿವಾರ ಒಂದು ಲಕೋಟೆಯಲ್ಲಿ ನೂರರ ಎಂಟು ನೋಟು ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಾನೆ. ಅಷ್ಟರಲ್ಲೇ ವಾರ ಕಳೆಯಬೇಕು, ಕಳೆಯುತ್ತದೆ. ನನ್ನ ಮನೆಯಲ್ಲೂ ಮೂರೇ ಜನ. ವಾರಕ್ಕೆ ಹದಿಮೂರು ನೋಟು ಹೋಗುತ್ತಿತ್ತು. ಗುರುವಾರದ ಹೊತ್ತಿಗೆ ಮನೆಯಲ್ಲಿ ಈರುಳ್ಳಿ ಸಿಪ್ಪೆಯೂ ಇರುತ್ತಿರಲಿಲ್ಲ.

“ಭಾವ ಎಂಟು ನೋಟಲ್ಲಿ ಮುಗಿಸ್ತಾರೆ” ಅನ್ನುತ್ತಿದ್ದಳು ನನ್ನ ಹೆಂಡತಿ. ಅವಳು ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಹೋಗುತ್ತಾಳೆ, ಮನೆ ಸೇರುವಾಗ ಆರೂವರೆ.

“ನಿಮ್ಮ ಭಾವ ಗಾಳಿ ಕುಡಿದು ಬದುಕ್ತಾನೆ” ಅನ್ನುತ್ತಿದ್ದೆ ನಾನು.

“ಗಾಳಿ ಅಲ್ಲ ರೀ, ನಿನ್ನೆ ಆಲೂಗಡ್ಡೆ, ಮೊಟ್ಟೆ.”

ಇವಳಿಗೆ ಅದು ಹೇಗೆ ಗೊತ್ತು ಅಂದರೆ ನಮ್ಮ ಮಗಳಿಂದ. ಅವಳ ಸ್ಕೂಲು ಗೋಂದಣ್ಣನ ಮನೆಗೆ ಎರಡು ಬೀದಿ ದೂರ. ನಾವಿಬ್ಬರೂ ಕೆಲಸದಿಂದ ಬರುವ ತನಕ ಅಲ್ಲಿ ಕೂತು ಓದಿಕೊಳ್ಳಲಿ ಅಂತ ನಾನೇ ಕಳಿಸಿದ್ದು. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡೆ. ಮೊದಲು ಓದು ಮಾತ್ರ. ಆಮೇಲೆ ಓದು ಮತ್ತು ತಿಂಡಿ. ಆಮೇಲೆ ದಿನಾ ಊಟ ಮುಗಿಸಿಯೇ ದೊಡ್ಡಪ್ಪನ ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲಿ ಇಳಿಯುತ್ತಿದ್ದಳು. ನಾನು ತಟ್ಟೆ ಮುಂದೆ ಕೂತು “ಬಾ ಮಗಾ” ಅಂದರೆ, “ಹಸಿವಿಲ್ಲಪ್ಪ.” ಈ ಮಾತನ್ನು ಹದಿಮೂರು ವರ್ಷದ ಮಗಳ ಬಾಯಲ್ಲಿ ದಿನಾ ಕೇಳಿ ನೋಡಿ. ಹೊಟ್ಟೆ ತುಂಬಿದವಳು ಅವಳು, ಉರಿಯುತ್ತಿದ್ದದ್ದು ನನ್ನ ಹೊಟ್ಟೆ.

ಎರಡು ವರ್ಷದ ಹಿಂದೆ ಒಂದು ಶುಕ್ರವಾರ ನಾನು ಮೇಜು ಗುದ್ದಿದೆ. “ನಾಳೆಯಿಂದ ಸಂತೆ ನಾನೇ ತರ್ತೀನಿ. ಅಡುಗೆ ನಾನೇ ಮಾಡ್ತೀನಿ. ಎಂಟೇ ನೋಟು. ಇವಳು ಒಂದು ವಾರ ಇಲ್ಲೇ ಊಟ ಮಾಡ್ಲಿ. ಆಮೇಲೆ ಹೇಳ್ಲಿ ಯಾರ ಮನೆ ಊಟ ರುಚಿ ಅಂತ.”

“ನಿಮಗೆ ಅನ್ನ ಇಡೋಕೆ ಬರುತ್ತಾ?” ಅಂದಳು ಹೆಂಡತಿ.

“ಕಬ್ಬಿಣ ಕರಗಿಸೋನಿಗೆ ಅಕ್ಕಿ ಬೇಯಿಸೋದು ದೊಡ್ಡದಾ?”

ಸಂತೆ ತರುವುದು ನನಗೆ ಗೊತ್ತಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದೆ. ಶನಿವಾರ ಮಧ್ಯಾಹ್ನ ಹೆಲ್ಮೆಟ್ ತೆಗೆಯದೇ ಮಾರ್ಕೆಟ್ಟಿನಲ್ಲಿ ಅವನ ಹಿಂದೆ ಬಿದ್ದೆ. ಅವನು ಒಂದು ಅಂಗಡಿ ಬಿಟ್ಟ ತಕ್ಷಣ ನಾನು ಅಲ್ಲಿ. ಅವನು ಏನು ಕೊಂಡನೋ ಅದೇ, ಎಷ್ಟು ಕೊಂಡನೋ ಅಷ್ಟೇ. ಮೊದಲು ಕಲೆ ಬಿದ್ದ, ಚೆನ್ನಾಗಿ ಹಣ್ಣಾದ ಟೊಮೇಟೊ. ಅದು ಶನಿವಾರಕ್ಕೇ ಆಗಬೇಕು, ಕಮ್ಮಿಗೆ ಸಿಗುತ್ತದೆ. ಸೊಪ್ಪು ಭಾನುವಾರಕ್ಕೆ. ನಾಲ್ಕು ಮೊಟ್ಟೆ, ನಾಲ್ಕು ದೊಡ್ಡ ಆಲೂಗಡ್ಡೆ ಸೋಮವಾರ, ಮಂಗಳವಾರಕ್ಕೆ. ಗಜ್ಜರಿ, ಎಲೆಕೋಸು ವಾರದ ನಡುವಿಗೆ. ಒಣಬೇಳೆ ಶುಕ್ರವಾರಕ್ಕೆ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮೀನಿನವನ ಹತ್ತಿರ ಬುಧವಾರಕ್ಕೆ ಮುಂಗಡ ಹೇಳಿದ: “ನಾಲ್ಕು ತುಂಡು, ಬಾಲದ ಕಡೆ.” ಬಾಲದ ಕಡೆ ಅಗ್ಗ. ಕಳ್ಳ! ಹದಿನೈದು ವರ್ಷದಿಂದ ಇದನ್ನೆಲ್ಲ ಒಬ್ಬನೇ ಇಟ್ಟುಕೊಂಡಿದ್ದಾನೆ, ನನಗೆ ಒಂದು ಮಾತು ಹೇಳಿಲ್ಲ. ನಾನೂ ಕೇಳಿರಲಿಲ್ಲ, ಅದು ಬೇರೆ ವಿಷಯ.

ತರಕಾರಿಯವಳು ನನ್ನನ್ನು ಹಿಡಿದುಬಿಟ್ಟಳು. “ಏನಣ್ಣ, ಗೋಂದಣ್ಣ ತಗೊಂಡಿದ್ದನ್ನೇ ತಗೋತಾ ಇದ್ದೀರಿ? ನೆರಳಾ ನೀವು?”

“ನಿನಗ್ಯಾಕೆ? ತೂಕ ಹಾಕು. ಅವನಿಗೆ ಕೊಟ್ಟ ರೇಟೇ ಹಾಕು.”

“ಅವರು ಮಾತಾಡಿಸಿ ತಗೋತಾರೆ. ನೀವು ಬೈದು ತಗೋತೀರಿ. ಬೈಗುಳಕ್ಕೆ ಬೇರೆ ರೇಟು.”

ಪಕ್ಕದ ಅಂಗಡಿಯವನು ಕಿಸಕ್ಕನೆ ನಕ್ಕ. ಹೆಲ್ಮೆಟ್ಟಿನೊಳಗೆ ನನ್ನ ಮುಖ ಕುಲುಮೆ ಆಗಿತ್ತು. ಆದರೂ ಹಲ್ಲು ಕಚ್ಚಿಕೊಂಡು, “ಸರಿಯಮ್ಮ, ನೋಡಿ ಹಾಕು” ಅಂದೆ. ಅವಳು ಎರಡು ಟೊಮೇಟೊ ಮೇಲೆ ಹಾಕಿದಳು. ಒಟ್ಟು ಎಂಟು ನೋಟಿನಲ್ಲಿ ಚಿಲ್ಲರೆ ಉಳಿಯಿತು. ಆ ಚಿಲ್ಲರೆಯನ್ನು ಮನೆಯ ತನಕ ಜೇಬಿನಲ್ಲಿ ಝಣಝಣ ಅನ್ನಿಸಿಕೊಂಡೇ ಬಂದೆ.

ಶನಿವಾರ ಅನ್ನ ತಳ ಹಿಡಿಯಿತು. ಭಾನುವಾರ ಸೊಪ್ಪಿನಲ್ಲಿ ಮಣ್ಣು ಕರಕರ ಅಂದಿತು. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಿದ್ದಳು. ನಗುತ್ತಿದ್ದಳೋ ಕೆಮ್ಮುತ್ತಿದ್ದಳೋ ನಾನು ಕೇಳಲಿಲ್ಲ. ಮಗಳು ತಲೆ ತಗ್ಗಿಸಿಕೊಂಡು ತಿಂದಳು, ಎದ್ದು ತಟ್ಟೆ ತೊಳೆದಳು. ಸೋಮವಾರ ಮೊಟ್ಟೆ ಚೆನ್ನಾಗಿ ಬಂತು. ನಾಲ್ಕು ಮೊಟ್ಟೆ ಬೇಯಿಸಿದ್ದೆ, ಒಂದು ಮಿಕ್ಕಿತು. ಮಂಗಳವಾರ ದೊಡ್ಡ ಆಲೂಗಡ್ಡೆ ನಾಲ್ಕು, ಒಂದು ಮಿಕ್ಕಿತು. ಬುಧವಾರ ಮೀನು, ಅದರಲ್ಲೂ ಒಂದು ತುಂಡು ಮಿಕ್ಕಿತು.

ಆ ಒಂದು ತುಂಡನ್ನು ನೋಡುತ್ತಾ ನನಗೆ ಫಕ್ಕನೆ ಹೊಳೆಯಿತು. ಎಷ್ಟೋ ವರ್ಷದಿಂದ ಕಾಯುತ್ತಿದ್ದ ತಪ್ಪು ಸಿಕ್ಕಿತ್ತು! ಕುರ್ಚಿ ಹಿಂದಕ್ಕೆ ತಳ್ಳಿ ನಿಂತೆ.

“ನೋಡೇ! ನಿಮ್ಮ ಭಾವ ದೊಡ್ಡ ಜಾಣ ಅಂತೀಯಲ್ಲ? ಮೂರು ಜನ ಇರೋ ಮನೆಗೆ ನಾಲ್ಕು ತುಂಡು ತರ್ತಾನೆ. ನಾಲ್ಕು ಮೊಟ್ಟೆ. ನಾಲ್ಕು ಆಲೂಗಡ್ಡೆ. ಅಳತೆ ಅಂತೆ, ಲೆಕ್ಕ ಅಂತೆ! ದಿನಾ ಒಬ್ಬರ ಊಟ ದಂಡ! ಇವನಿಗಿಂತ ನಾನೇ ವಾಸಿ.”

ಮಗಳು ತಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತಾ ಕೂತಳು.

ಹೆಂಡತಿ ಮೆಲ್ಲಗೆ ಅಂದಳು: “ಆ ನಾಲ್ಕನೇ ತುಂಡು ಯಾರದು ಅಂತ ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?”

ನಾನು ನಿಂತವನು ನಿಂತೇ ಇದ್ದೆ. ಕೂರಲು ಕುರ್ಚಿ ಹುಡುಕಿದರೆ ಅದು ಗೋಡೆಯ ಹತ್ತಿರ ಹೋಗಿತ್ತು.

ಎಂಟು ನೋಟಿನಲ್ಲಿ ಅವನು ನಡೆಸುತ್ತಿದ್ದದ್ದು ಮೂರು ಜನರ ಮನೆಯಲ್ಲ, ನಾಲ್ಕು ಜನರದು. ಆ ನಾಲ್ಕನೆಯವಳು ನನ್ನ ಮಗಳು. ನಾವು ಮಾತ್ರ ಹದಿಮೂರು ನೋಟು ಸುರಿದು, ಮೂರು ತಟ್ಟೆ ಇಟ್ಟು, ಇಬ್ಬರೇ ಉಣ್ಣುತ್ತಿದ್ದೆವು. ಒಬ್ಬ ಮನುಷ್ಯನನ್ನು ಕಂಡರೆ ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮಿತಿ ಇರಬೇಕು. ಅವನು ಅದನ್ನೂ ಉಳಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ನನ್ನ ವೆಲ್ಡಿಂಗ್ ಶಾಪು ತೆರೆಯುವ ಮೊದಲೇ ಅವನ ಅಂಗಡಿಗೆ ಹೋದೆ. ಹಾಜರಿ ಪುಸ್ತಕದ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದ. ಮೇಜಿನ ಮೇಲೆ ನೋಟಿನ ಕಟ್ಟು ಇಟ್ಟೆ.

“ಎಷ್ಟಾಗುತ್ತೆ ಹೇಳು ಭಾವ. ನನ್ನ ಮಗಳು ನಿನ್ನ ಮನೇಲಿ ಉಂಡಿದ್ದು. ನಾನು ಯಾರ ಹಂಗಲ್ಲೂ ಇರೋನಲ್ಲ.”

“ದುಡ್ಡು ತೆಗಿ, ಗೋಂದು ಹತ್ತುತ್ತೆ” ಅಂದ.

“ತಮಾಷೆ ಬೇಡ! ಲೆಕ್ಕ ಹೇಳು!”

“ಕೂಗಬೇಡ ತಮ್ಮಾ, ಕಾಗದ ಹಾರುತ್ತೆ.” ಬೆರಳು ಒರೆಸಿಕೊಂಡ. “ಲೆಕ್ಕಾನೇ ಬೇಕಾ? ನಿನ್ನ ಮಗಳು ಸಂಜೆ ಈರುಳ್ಳಿ ಹೆಚ್ಚಿಕೊಡ್ತಾಳೆ. ಅತ್ತೆಗೆ ದಿನಾ ಪೇಪರ್ ಓದಿ ಹೇಳ್ತಾಳೆ. ನನ್ನ ಹಾಡು ಕೇಳಿ ಕಿವಿ ಮುಚ್ಕೊಳ್ತಾಳೆ, ಅದಕ್ಕೂ ಕೂಲಿ ಕೊಡಬೇಕು. ನಾನೇ ನಿನಗೆ ಬಾಕಿ ಇರ್ತೀನಿ.”

“ಹಾಗಲ್ಲ...”

“ಹೇಗಲ್ಲ? ಸರಿ, ತೀರಿಸಲೇಬೇಕು ಅಂದ್ರೆ ಒಂದು ಕೆಲಸ ಮಾಡು. ನೀನು ಅಡುಗೆ ಮಾಡ್ತಿದ್ದೀಯಂತೆ, ಊರೆಲ್ಲ ಸುದ್ದಿ. ನಿನ್ನ ಕೈಯಲ್ಲಿ ಮಾಡಿದ್ದು ಒಂದು ಊಟ ಹಾಕು, ಮೂರೂ ಜನ ಬರ್ತೀವಿ. ಅಲ್ಲಿಗೆ ಚುಕ್ತಾ.”

“ಕರೀತೀನಿ! ಕರೆಯದೇ ಬಿಡ್ತೀನಾ!” ಅಂತ ಕೂಗಿ ನೋಟು ಬಾಚಿಕೊಂಡು ಬಂದೆ. ಎರಡು ನೋಟಿಗೆ ನಿಜವಾಗಿಯೂ ಗೋಂದು ಹತ್ತಿತ್ತು.

ಶುಕ್ರವಾರ ವಾರದ ಕೊನೆಯ ಊಟ, ಬೇಳೆ ಬೇಯಿಸಿದ್ದೆ. ಈ ಸಲ ಮೂರು ಜನಕ್ಕೆ ಸರಿಯಾಗಿ ಅಳೆದು. ಮಗಳು ಒಂದು ತುತ್ತು ಇಟ್ಟುಕೊಂಡಳು, ನಿಲ್ಲಿಸಿದಳು.

“ಅಪ್ಪಾ.”

“ಏನು?”

“ಉಪ್ಪು.”

ಹೆಂಡತಿಯ ಕೈ ತಟ್ಟೆಯ ಮೇಲೇ ನಿಂತಿತು. ನನಗೆ ಸಿಟ್ಟು ನೆತ್ತಿಗೆ ಏರಿತು. ಏಳು ದಿನ ಒಲೆಯ ಮುಂದೆ ಬೆಂದವನು ನಾನು! ಬಾಯಿ ತೆರೆದೆ. ಆಗ ಮಗಳ ಕಡೆ ನೋಡಿದೆ. ಅವಳು ಕುರ್ಚಿಯ ತುದಿಗೆ ಬಂದಿದ್ದಳು. ಒಂದು ಕಾಲು ಆಗಲೇ ನೆಲ ಮುಟ್ಟಿತ್ತು, ಎದ್ದು ಹೋಗಲು ಸಿದ್ಧವಾಗಿ. ಈ ಮನೆಯಲ್ಲಿ ಅವಳು ಯಾವಾಗಲೂ ಹಾಗೇ ಕೂರುತ್ತಿದ್ದಳೇನೋ, ನಾನು ಆವತ್ತು ಕಂಡೆ. ತೆರೆದ ಬಾಯಿಗೆ ಒಂದು ತುತ್ತು ಹಾಕಿಕೊಂಡೆ. ಉಪ್ಪೇ ಇರಲಿಲ್ಲ. ಎದ್ದು ಡಬ್ಬಿ ತಂದೆ. ಅವಳು ಹಾಕಿಕೊಂಡಳು, ಅಮ್ಮನಿಗೆ ಕೊಟ್ಟಳು, ಅಮ್ಮ ನನಗೆ ಕೊಟ್ಟಳು. ಈ ಸಲ ನಾನೂ ಹಾಕಿಕೊಂಡೆ.

“ಇನ್ನೂ ಸ್ವಲ್ಪ ಹಾಕಪ್ಪ” ಅಂದಳು ಮಗಳು, ತಟ್ಟೆ ಮುಂದೆ ತಳ್ಳಿ. ಉಪ್ಪಲ್ಲ, ಬೇಳೆ. ಎರಡನೇ ಸಲ. ಅವಸರದಲ್ಲಿ ಬಡಿಸಲು ಹೋಗಿ ಅರ್ಧ ಮೇಜಿನ ಮೇಲೆ ಚೆಲ್ಲಿದೆ.

ತಟ್ಟೆ ತೊಳೆಯುವಾಗ ಹೆಂಡತಿ ಹೇಳಿದಳು. “ಆವತ್ತು ಆ ಮೀನಿಗೂ ನಾನು ಉಪ್ಪು ಹಾಕೋದು ಮರೆತಿದ್ದೆ ರೀ. ನೀವು ಅಡುಗೆಮನೆ ಬಾಗಿಲಲ್ಲಿ ನಿಂತು ಹೊತ್ತಾಯ್ತು ಹೊತ್ತಾಯ್ತು ಅಂತ ಕೂಗ್ತಾ ಇದ್ರಿ. ಬಾಯಿಗಿಟ್ಟ ತಕ್ಷಣ ಎಲ್ಲರಿಗೂ ಗೊತ್ತಾಯ್ತು. ಕೇಳೋಕೆ ಯಾರಿಗೆ ಧೈರ್ಯ? ಭಾವ ಒಬ್ಬರೇ ಕೇಳಿದ್ದು.”

ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಸಿಟ್ಟು ಇಳಿಯಬೇಕು ಅಂತ ಎಲ್ಲಿದೆ?

ಈಗಲೂ ನಮ್ಮ ಮನೆಯ ಅಡುಗೆ ನನ್ನದೇ. ವಾರಕ್ಕೆ ಒಂಬತ್ತು ನೋಟು, ಇನ್ನೂ ಒಂದು ನೋಟು ಅವನೇ ಮುಂದೆ. ಮಗಳು ಮೂರು ದಿನ ನಮ್ಮಲ್ಲಿ ಉಣ್ಣುತ್ತಾಳೆ, ನಾಲ್ಕು ದಿನ ಅಲ್ಲಿ. ಆ ಹೆಚ್ಚಿನ ಒಂದು ದಿನ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ.

ಮೊನ್ನೆ ಅವನು ಮೀನಿನ ಅಂಗಡಿಯಲ್ಲಿ ಸಿಕ್ಕ. ನನ್ನ ಚೀಲದೊಳಗೆ ಇಣುಕಿ ನೋಡಿ, “ಟೊಮೇಟೊ ಚೆನ್ನಾಗಿ ಆರಿಸಿದ್ದೀಯ” ಅಂದ. ನನಗೆ ಆರಿಸಲು ಬರುತ್ತದೆ ಅಂತ ಅವನು ಸರ್ಟಿಫಿಕೇಟು ಕೊಡಬೇಕೇ? ಆಮೇಲೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, “ನನ್ನ ಒಂದು ಊಟ ಬಾಕಿ ಇದೆ ತಮ್ಮಾ. ಎರಡು ವರ್ಷ ಆಯ್ತು” ಅಂದ.

“ಗೊತ್ತು ಭಾವ.”

ಅವನು ಸೈಕಲ್ ಹತ್ತಿ ಹೋದ. ಮೀನಿನವನು ಕತ್ತಿ ಎತ್ತಿ ಕೇಳಿದ: “ಎಷ್ಟು ತುಂಡು ಹಾಕ್ಲಿ?”

ನಾವು ಮೂರು, ಅವರು ಮೂರು. ಆರು ಅನ್ನಲು ಬಾಯಿ ತೆರೆದೆ. ಬೀದಿಯ ತಿರುವಿನಲ್ಲಿ ಅವನು ಯಾರನ್ನೋ ಮಾತಾಡಿಸಿ ನಗುತ್ತಿದ್ದದ್ದು ಕಾಣಿಸಿತು. ಆವತ್ತು ಉಪ್ಪು ಕೇಳಿದಾಗಿನ ಅದೇ ನಗು.

“ಮೂರು” ಅಂದೆ.