ಸಾಹೇಬರ ಮನೆಯ ಚಪ್ಪಾಳೆ

ಸಾಹೇಬರ ಮನೆಯಲ್ಲಿ ಹೆಂಗಸರಿಗೆ ಒಂದು ಕೆಲಸವಿತ್ತು. ಅಡುಗೆ, ಬಟ್ಟೆ, ಬಂದವರಿಗೆ ಟೀ ಇವೆಲ್ಲ ಇದ್ದದ್ದೇ, ಅವನ್ನು ಕೆಲಸವೆಂದು ಆ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಕೆಲಸವೆಂದರೆ ಚಪ್ಪಾಳೆ ತಟ್ಟುವುದು.

ಮನೆಯಲ್ಲಿ ಒಮ್ಮೆ ಮಾಡಿ ನೋಡದೆ ಸಾಹೇಬರು ಯಾವ ಭಾಷಣವನ್ನೂ ಹೊರಗೆ ಮಾಡಿದವರಲ್ಲ. ಸಂಜೆಯಾಯಿತೆಂದರೆ ನಡುಮನೆಯ ಸೋಫಾದ ಮೇಲೆ ಮೂವರು ಸಾಲಾಗಿ ಕೂರಬೇಕು: ಒಂದು ತುದಿಗೆ ಅವರ ತಾಯಿ, ಇನ್ನೊಂದು ತುದಿಗೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ ಅಕ್ಕ, ನಡುವೆ ಹೆಂಡತಿ. ಎದುರಿಗೆ, ಟಿವಿಗೆ ಬೆನ್ನು ಹಾಕಿ, ಸಾಹೇಬರು. ಮೇಲೆ ಇಸ್ತ್ರಿಯ ಬಿಳಿ ಅಂಗಿ, ಕೆಳಗೆ ಮೊಣಕಾಲು ಸವೆದ ಹಳೇ ಪೈಜಾಮ. "ಬಡವರ ಕಣ್ಣೀರು ಒರೆಸುವ ತನಕ ನನಗೆ ನಿದ್ದೆಯಿಲ್ಲ!" ಎಂದು ನಿಲ್ಲಿಸಿ ಗಲ್ಲ ಮೇಲೆತ್ತಿದರೆ ಅದೇ ಗುರುತು. ಹೆಂಡತಿ ಶುರು ಮಾಡುವಳು, ಅಕ್ಕ ಜೊತೆಗೂಡುವಳು, ಆ ಸದ್ದಿಗೆ ತಾಯಿ ಎಚ್ಚರಗೊಂಡು ತಾವೂ ತಟ್ಟುವರು. ಮಗನಿಗೆ ನಿದ್ದೆಯಿಲ್ಲವೆಂದು ಕೇಳಿದಾಗಲೆಲ್ಲ ಆ ಮುದುಕಿಗೆ ಒಳ್ಳೆ ನಿದ್ದೆ ಬರುತ್ತಿತ್ತು.

ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸಾಹೇಬರು ಬೇರೆಯವರ ಪೋಸ್ಟರಿಗೆ ಗೋಂದು ಹಚ್ಚುತ್ತಿದ್ದ ಕಾಲದಿಂದಲೂ ಒಂದನೇ ಕ್ಲಾಸು ಅವಳದೇ. ಆಗ ಮನೆ ನಡೆದದ್ದು ಅವಳ ದುಡಿಮೆಯಿಂದ. ಸಾಹೇಬರ ಜೀವನಚರಿತ್ರೆಯ ಪುಸ್ತಕದಲ್ಲಿ ಆ ಕಾಲಕ್ಕೆ 'ಹೋರಾಟದ ದಿನಗಳು' ಎಂಬ ಹೆಸರಿದೆ, ಅವಳ ಸುದ್ದಿಯಿಲ್ಲ. ಹೊರಗೆ ಹೋದರೆ ಅವಳು ಸಾಹೇಬರ ಹೆಂಡತಿ. ತರಕಾರಿ ಮಾರುವವಳೂ ಬದನೆಕಾಯಿ ತೂಗುವುದು ಬಿಟ್ಟು ಮಗನಿಗೆ ವರ್ಗಾವಣೆ ಮಾಡಿಸಿಕೊಡಿ ಎನ್ನುವಳು. ಒಂದನೇ ಕ್ಲಾಸಿನ ಬಾಗಿಲು ದಾಟಿದರೆ ಮಾತ್ರ ಅವಳು ಬರೀ ಟೀಚರ್. ಅಲ್ಲಿ ಪೆನ್ಸಿಲ್ ಸಿಪ್ಪೆ, ಒದ್ದೆಯಾದ ಚಡ್ಡಿ, ಒಬ್ಬರ ರಬ್ಬರ್ ಇನ್ನೊಬ್ಬರ ಬಾಯಲ್ಲಿ. ಆ ಗದ್ದಲದಲ್ಲೇ ಅವಳಿಗೆ ಹಾಯಾಗಿ ಉಸಿರಾಡಲು ಆಗುತ್ತಿತ್ತು.

ಒಂದು ಪುಟ್ಟ ಹುಡುಗಿ ಒಮ್ಮೆ ಕೇಳಿತು, "ಟೀಚರ್, ನಿಮ್ಮ ಗಂಡ ಏನ್ ಕೆಲಸ ಮಾಡ್ತಾರೆ?"

"ಮಾತಾಡ್ತಾರೆ."

"ಅಷ್ಟೇನಾ?"

"ಅಷ್ಟೇ."

ಪಾಪ ಎನ್ನುವಂತೆ ನೋಡಿ, ಹುಡುಗಿ ತನ್ನ ಬಳಪದಲ್ಲಿ ಅರ್ಧ ಮುರಿದು ಟೀಚರಿಗೆ ಕೊಟ್ಟಿತು.

ಸಾಹೇಬರು ಮಂತ್ರಿಯಾದ ಮೇಲೆ ಈ ಶಾಲೆ ಅವರ ಕಣ್ಣಿಗೆ ಕಸವಾಯಿತು. ಬೇರೆ ಮಂತ್ರಿಗಳ ಹೆಂಡತಿಯರು ರಿಬ್ಬನ್ ಕತ್ತರಿಸುತ್ತಾ ಓಡಾಡುವಾಗ ಇವಳು ಟಿಫಿನ್ ಡಬ್ಬಿ ಹಿಡಿದು ಬಸ್ಸು ಹತ್ತುವುದೆಂದರೇನು?

"ಮಂತ್ರಿ ಹೆಂಡ್ತಿ ಮಕ್ಕಳ ಮೂಗು ಒರೆಸ್ತಾಳೆ ಅಂತ ಜನ ಆಡ್ಕೋತಾರೆ. ಬಿಟ್ಟುಬಿಡು."

"ನೀವು ಜನರ ಕಣ್ಣೀರು ಒರೆಸ್ತೀರಲ್ಲ, ಹಾಗೇ ಇದೂನೂ. ನಾನು ಒರೆಸಿದ್ದು ಕಣ್ಣಿಗೆ ಕಾಣುತ್ತೆ, ಅಷ್ಟೇ ವ್ಯತ್ಯಾಸ. ನಾನು ಬಿಡಲ್ಲ."

ಅತ್ತೆ ಹೇಳಿ ನೋಡಿದರು, ಗಂಡನ ಅಕ್ಕ ಪಿಸುಗುಟ್ಟಿ ನೋಡಿದಳು. ಊಹೂಂ. ಉಳಿದೆಲ್ಲಕ್ಕೂ ತಲೆಯಾಡಿಸುತ್ತಿದ್ದ ಹೆಂಗಸು ಇದೊಂದಕ್ಕೆ ಜಗ್ಗಲಿಲ್ಲ.

ಸಂಜೆಯ ಅಭ್ಯಾಸ ಸಭೆಗಳಲ್ಲಿ ಬಲು ಉಪಯೋಗಕ್ಕೆ ಬರುತ್ತಿತ್ತು. ಸಾಹೇಬರ ವಾಕ್ಯ ಎಲ್ಲಿ ಮುಗಿಯುತ್ತದೆಂದು ಕಾರ್ಯಕರ್ತರಿಗೆ ಗೊತ್ತಾಗುತ್ತಿರಲಿಲ್ಲ, ಎಷ್ಟೋ ಸಲ ಸಾಹೇಬರಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಎಲ್ಲರೂ ವೇದಿಕೆಯ ಮೇಲೆ ಕೂತ ಹೆಂಡತಿಯ ಕೈ ನೋಡುತ್ತಿದ್ದರು. ಅವಳು ತಟ್ಟಿದರೆ ಇಡೀ ಮೈದಾನ ತಟ್ಟುತ್ತಿತ್ತು. ಒಮ್ಮೆ ವಿರೋಧ ಪಕ್ಷದ ಹಿರಿಯರೊಬ್ಬರು ತೀರಿಕೊಂಡಾಗ ಸಂತಾಪ ಸಭೆ ನಡೆಯಿತು. "ಅವರು ಇನ್ನಿಲ್ಲ!" ಎಂದು ಸಾಹೇಬರು ರೂಢಿಯಂತೆ ಗಲ್ಲ ಎತ್ತಿಬಿಟ್ಟರು. ಅವಳ ಕೈ ತನ್ನಷ್ಟಕ್ಕೆ ತಟ್ಟಿತು. ಹಿಂದೆಯೇ ಸಭೆಗೆ ಸಭೆಯೇ ತಟ್ಟಿತು. ಮುಂದಿನ ಸಾಲಿನಲ್ಲಿ ಸತ್ತವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಟೀಚರಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಸಾಹೇಬರು ಮಾತ್ರ ಮನೆಗೆ ಬಂದು, "ಪರವಾಗಿಲ್ಲ, ಸದ್ದು ಚೆನ್ನಾಗಿತ್ತು" ಎಂದರು.

ಕೊನೆಗೆ ಮಹಿಳಾ ಸಮಾವೇಶ ಬಂತು. ಹಿಂದಿನ ಸಂಜೆ ಸೋಫಾದ ಮುಂದೆ ಮಾಡಿದ ಭಾಷಣದಲ್ಲಿ ಅಂಥದ್ದೇನೂ ಇರಲಿಲ್ಲ. ಮರುದಿನ ಮೈದಾನದಲ್ಲಿ, ಹೆಣ್ಣು ಅಬಲೆಯಲ್ಲ ಎಂಬಲ್ಲಿಗೆ ಬಂದ ಸಾಹೇಬರು ತಟಕ್ಕನೆ ಹೆಂಡತಿಯ ಕಡೆ ಕೈ ಚಾಚಿದರು.

"ನಿಮಗಾಗಿ ನನ್ನ ಹೆಂಡತಿ ಇಂದು ತನ್ನ ಕೆಲಸವನ್ನೇ ತ್ಯಾಗ ಮಾಡುತ್ತಿದ್ದಾಳೆ! ನಾಳೆಯಿಂದ ಅವಳಿಗೆ ಶಾಲೆಯಿಲ್ಲ, ನೀವೇ ಅವಳ ಮಕ್ಕಳು!"

ಗಲ್ಲ ಮೇಲೇರಿತು.

ಅವಳ ಕೈಗಳೂ ಮೇಲೆದ್ದಿದ್ದವು. ವರ್ಷಗಟ್ಟಲೆಯ ಅಭ್ಯಾಸ, ಹೇಳದೆ ಕೇಳದೆ ಏಳುತ್ತವೆ. ಆಮೇಲೆ ಮಾತು ತಲೆಗಿಳಿಯಿತು. ಮನೆಯಲ್ಲಿ ಕೇಳಿದರೆ ಒಲ್ಲೆ ಎನ್ನುತ್ತಾಳೆಂದು ಮೈದಾನದಲ್ಲಿ ಕಟ್ಟಿಹಾಕಿದ್ದಾರೆ. ಅವಳಿಗೆ ಮೈಯೆಲ್ಲ ಉರಿಯಿತು. ಎತ್ತಿದ ಕೈಗಳನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡಳು.

ಮೈದಾನ ಆ ಕೈಗಳನ್ನೇ ನೋಡುತ್ತಿತ್ತು. ಯಾರೂ ತಟ್ಟಲಿಲ್ಲ. ವೇದಿಕೆಯ ಮೇಲೆ ಅವಳ ಪಕ್ಕ ಕೂತಿದ್ದ ಸಾಹೇಬರ ಅಕ್ಕ ತಟ್ಟಲು ಹೊರಟವಳು ಸೆರಗು ಸರಿಮಾಡಿಕೊಳ್ಳುವವಳಂತೆ ನಟಿಸಿದಳು. ಕೇಳಿಸಲಿಲ್ಲವೇನೋ ಎಂದು ಸಾಹೇಬರು ವಾಕ್ಯವನ್ನು ಇನ್ನೊಮ್ಮೆ ಹೇಳಿ ಗಲ್ಲವನ್ನು ಇನ್ನಷ್ಟು ಎತ್ತಿದರು. ಆಕಾಶದಲ್ಲಿ ಕಾಗೆ ಎಣಿಸುವವರ ಹಾಗೆ ಕಂಡರು. ಚಪ್ಪಾಳೆಯಿಲ್ಲದೆ ಮುಂದಿನ ವಾಕ್ಯಕ್ಕೆ ಹೋಗಿ ಅವರಿಗೆ ಗೊತ್ತೇ ಇರಲಿಲ್ಲ. ಆ ನಿಶ್ಶಬ್ದಕ್ಕೆ ವೇದಿಕೆಯ ತುದಿಯಲ್ಲಿ ತೂಕಡಿಸುತ್ತಿದ್ದ ತಾಯಿಗೆ ಎಚ್ಚರವಾಯಿತು.

"ಮುಗೀತೇನಪ್ಪಾ?" ಎಂದರು. ಪಕ್ಕದಲ್ಲೇ ಮೈಕಿತ್ತು.

ಹೆಂಗಸರು ಬಿದ್ದು ಬಿದ್ದು ನಕ್ಕರು. ಮುಗಿಯಿತೆಂದುಕೊಂಡು ಹಿಂದಿನ ಸಾಲಿನವರು ಎದ್ದು ಬಸ್ಸಿನ ಕಡೆ ನಡೆದರು.

ಕಾರಿನಲ್ಲಿ ಸಾಹೇಬರು ಹಲ್ಲು ಕಡಿದರು. "ನನ್ನ ಮಾನ ಕಳೆದೆ."

"ನನ್ನನ್ನ ಒಂದ್ ಮಾತು ಕೇಳಿದ್ರಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಮತ್ತೆ?"

"ಮತ್ತೆ ಏನು? ಜನರ ಮುಂದೆ ಹೇಳಿ ಆಯ್ತು. ಇನ್ನು ಶಾಲೆ ಕಡೆ ಕಾಲಿಟ್ಟೀಯ ಜೋಕೆ."

ಬೆಳಿಗ್ಗೆ ಪತ್ರಿಕೆಗಳು ಬಂದವು. 'ಪತ್ನಿಯ ಮಹಾತ್ಯಾಗ: ಮೂಕವಾದ ಜನಸಾಗರ' ಎಂದು ದಪ್ಪಕ್ಷರದಲ್ಲಿತ್ತು. ಸಾಹೇಬರ ಮುಖ ಊರಗಲವಾಯಿತು. ಅವಳು ಹೆದರಿದ್ದಳು, ಸುಳ್ಳೇಕೆ. ಆದರೂ ಹಿತ್ತಲ ಬಾಗಿಲಿಂದ ಹೊರಬಿದ್ದು ಬಸ್ಸು ಹಿಡಿದಳು.

ಶಾಲೆಯಲ್ಲಿ ಹೆಡ್‌ಮೇಡಂ ಬೀಳ್ಕೊಡುಗೆಗೆಂದು ಹಾರ ತರಿಸಿಟ್ಟಿದ್ದರು. ಒಂದನೇ ಕ್ಲಾಸಿನ ಕುರ್ಚಿಯಲ್ಲಿ ಬೇರೊಬ್ಬ ಟೀಚರ್ ಆಗಲೇ ಕೂತಿದ್ದಳು. ಇವಳ ಚೀಲ, ಕೊಡೆ, ಮಕ್ಕಳು ಬಿಡಿಸಿಕೊಟ್ಟ ಚಿತ್ರಗಳು ವರಾಂಡದ ಬೆಂಚಿನ ಮೇಲಿದ್ದವು.

"ಏನ್ ಮಾಡ್ಲಿ ಮೇಡಂ," ಎಂದು ಹೆಡ್‌ಮೇಡಂ ಹಾರ ಮುಂದೆ ಹಿಡಿದರು. "ಸಾಹೇಬರು ಜನರಿಗೆ ಮಾತು ಕೊಟ್ಟುಬಿಟ್ಟಿದ್ದಾರಲ್ಲ."

ಅವಳು ತಲೆಯೆತ್ತಿ ವರಾಂಡದ ಚಾವಣಿ ನೋಡಿದಳು. ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು.

"ಈ ಚಾವಣಿ ಹೊಸದು ಮಾಡಿಸ್ತೀನಿ ಅಂತಾನೂ ಸಾಹೇಬರು ಮಾತು ಕೊಟ್ಟಿದ್ರಲ್ವಾ?"

"ಹೂಂ, ಹಿಂದಿನ ಚುನಾವಣೇಲಿ."

"ಆಯ್ತಾ?"

"ಎಲ್ಲಿ ಮೇಡಂ!"

"ಹಾಗಾದ್ರೆ ಇದೂ ಆಗಲ್ಲ ಬಿಡಿ," ಎಂದು ಅವಳು ಬೆಂಚಿನ ಮೇಲಿದ್ದ ಚೀಲ ತೆಗೆದುಕೊಂಡು ಕ್ಲಾಸಿನೊಳಗೆ ಹೋದಳು.