ಅಪ್ಪನ ತಲೆಗೆ ನಾನು ಬರೆದ ಇಂಗ್ಲಿಷ್ ವಾಕ್ಯ

ಇಂಗ್ಲಿಷಿನ ಒಂದು ಪದವನ್ನು ಸರಿಯಾಗಿ ಬಳಸಲು ಕಲಿತ ವಾರವೇ ನಾನು ಒಂದೆಕರೆ ಗದ್ದೆಯನ್ನು ಕಳೆದುಕೊಂಡೆ. ಆಗ ಆದ ಆಘಾತ ಇನ್ನೂ ಪೂರ್ತಿ ಇಳಿದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾಗಮಂಗಲದಲ್ಲಿ ನನ್ನದು ತೆಂಗಿನಕಾಯಿ ಮಂಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬೆಂಗಳೂರಿನ ವ್ಯಾಪಾರಿಗಳ ಪತ್ರ ಓದಿಸಲು ಕಂಡವರ ಬಾಗಿಲು ಕಾಯುವುದು ಸಾಕಾಗಿ, ಮೂವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯಲು ಕುಳಿತೆ. ಪಾಂಡವಪುರದಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಭಾನುವಾರ ಹೇಳಿಕೊಡುತ್ತಿದ್ದರು. ಫೀಸಿನ ಬದಲು ಮನೆಗೆ ಬೇಕಾದಷ್ಟು ಕಾಯಿ ಎಂದು ಚೌಕಾಸಿ ಮಾಡಿ ಒಪ್ಪಿಸಿದ್ದೆ. ನೀವೂ ಕಲಿಯುವುದಾದರೆ ವಯಸ್ಸು ನೋಡಬೇಡಿ, ಮೇಷ್ಟ್ರನ್ನು ನೋಡಿ.

ತೊಣ್ಣೂರಿನ ಪಕ್ಕದ ನಮ್ಮೂರಲ್ಲಿ ಅಪ್ಪ ದುಡಿದು ಕೊಂಡ ಎರಡೆಕರೆ ಗದ್ದೆ ಇತ್ತು. ಅದನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಸಿಕೊಳ್ಳಬೇಕೆಂದು ತೀರ್ಮಾನಿಸಿದೆ. ಅಕ್ಕಿಹೆಬ್ಬಾಳಿಗೆ ಕೊಟ್ಟಿದ್ದ ತಂಗಿ ಗಂಡ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳೊಂದಿಗೆ ತವರಿಗೆ ಬಂದು ಅಪ್ಪನ ಜೊತೆ ಇದ್ದಳು. ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳು. ಹಸುಗಳಿಗೆ ಮೇವು ಆ ಗದ್ದೆಯದೇ. ಅವಳ ಹಕ್ಕಿನ ಯೋಚನೆ ನನಗೆ ಬರಲಿಲ್ಲ. ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಸೀರೆ, ಬಾಗಿನ ಕೊಟ್ಟರೆ ಹೆಣ್ಣುಮಕ್ಕಳ ಲೆಕ್ಕ ಮುಗಿಯಿತು ಎಂದು ನಮ್ಮ ಕಡೆ ಎಲ್ಲರಂತೆ ನಾನೂ ತಿಳಿದಿದ್ದೆ. ಅಪ್ಪನಿಗೆ ಹೇಳಿದ್ದೂ ಇಷ್ಟೇ: "ಒಂದು ಪತ್ರಕ್ಕೆ ಹೆಬ್ಬೆಟ್ಟು ಒತ್ಬೇಕು, ಬಾ." ಅಪ್ಪ "ಊಂ" ಅಂದಿದ್ದ.

ತೊಡಕು ಒಂದಿತ್ತು. ಹಿಂದಿನ ವರ್ಷ ಜ್ವರ ತಲೆಗೇರಿ ಅಪ್ಪ ಎರಡು ದಿನ ಬಡಬಡಿಸಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ನಾಳೆ ಯಾರೂ ತಕರಾರು ತೆಗೆಯದಂತೆ ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿ ಎಂದರು ಪತ್ರ ಬರೆಯುವವರು. ಡಾಕ್ಟರು ಅಪ್ಪನನ್ನು ಪರೀಕ್ಷಿಸಿ, ಮಾತಾಡಿಸಿ, ತಲೆ ಚೆನ್ನಾಗಿದೆ ಎಂದರು. ಇಂಗ್ಲಿಷ್ ಕರಡು ನಾನೇ ತರುತ್ತೇನೆ, ನೋಡಿ ಸಹಿ ಮಾಡಿ ಎಂದೆ. ಕಲಿತದ್ದನ್ನು ತೋರಿಸುವ ಚಪಲ.

ಡಿಕ್ಷನರಿಯಲ್ಲಿ 'ಲೂಸಿಡ್' ಸಿಕ್ಕಿತು. ತಿಳಿಯಾದ ಬುದ್ಧಿಯ ಸ್ಥಿತಿ ಎಂದಿತ್ತು. 'ಮೈ ಫಾದರ್ ಈಸ್ ಆಲ್ವೇಸ್ ವೆರಿ ಲೂಸಿಡ್ ಮ್ಯಾನ್' ಎಂದು ಬರೆದು ಮೇಷ್ಟ್ರ ಮುಂದಿಟ್ಟೆ. ಅವರು ಕನ್ನಡಕ ಮೇಲೇರಿಸಿದರು.

"ಇದೇನಯ್ಯ, ಕಾಯಿ ವ್ಯಾಪಾರದ ಹಾಗೆ ಹೊಗಳಿದ್ದೀಯಲ್ಲ? ಜಾಣ ಅನ್ನಬೇಕಾದರೆ ಕ್ಲೆವರ್ ಅನ್ನು. ಇದು ಹೊಗಳಿಕೆಯ ಪದ ಅಲ್ಲ. ಕೆರೆ ನೀರು ನೋಡಿದ್ದೀಯ? ಕಲಕಬಹುದಾದ ನೀರಿಗೇ ತಾನೇ ತಿಳಿಯಾಗಿದೆ ಅನ್ನೋದು? ಹಾಗೆ ಬುದ್ಧಿ ಕಲಕಿರಬಹುದು ಅಂತ ಅನುಮಾನ ಇದ್ದಾಗ ಇದನ್ನ ಬಳಸಬೇಕು. ಯಾವ ಹೊತ್ತಲ್ಲಿ, ನೀನು ಏನು ಕಂಡೆ, ಎರಡನ್ನೂ ಹೇಳು."

"ಸದಾ ಇರ್ತಾನೆ ಅಂದ್ರೆ ಗಟ್ಟಿ ಅಲ್ವಾ ಸಾರ್?"

"ಸದಾ ಅಂತ ನಿನ್ನ ಬಗ್ಗೆ ನಾನು ಬರೆದುಕೊಡಲೇನು?"

ಅವರು ಹೇಳಿಸಿದ ವಾಕ್ಯ ಇದು: 'ಹಿ ವಾಸ್ ಲೂಸಿಡ್ ವೆನ್ ಐ ಎಗ್ಸಾಮಿನ್ಡ್ ಹಿಮ್ ಟುಡೇ, ಅಂಡ್ ಆನ್ಸರ್ಡ್ ಎವರಿ ಕ್ವೆಶ್ಚನ್.' ಪರೀಕ್ಷಿಸಿದಾಗ ಬುದ್ಧಿ ತಿಳಿಯಾಗಿತ್ತು, ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟರು. ಸುಲಭವಾಗಿ ಅರ್ಥವಾಗುವ ವಿವರಣೆಗೂ ಬರವಣಿಗೆಗೂ ಈ ಪದ ಒಪ್ಪುತ್ತದೆ ಎಂದೂ ಹೇಳಿದರು. ಡಾಕ್ಟರು ಅಪ್ಪನನ್ನು ಅಂದು ಇನ್ನೊಮ್ಮೆ ಪರೀಕ್ಷಿಸಿ, ಒಂದಕ್ಷರ ತಿದ್ದದೆ ಸೀಲು ಒತ್ತಿದರು. ನನಗೆ ಗದ್ದೆ ಬಂದಷ್ಟೇ ಖುಷಿಯಾಗಿತ್ತು.

ಮಾರನೇ ದಿನ ರಿಜಿಸ್ಟ್ರಾರ್ ಆಫೀಸು. ಅಧಿಕಾರಿ ಸರ್ಟಿಫಿಕೇಟು ಓದಿ ತಲೆದೂಗಿ, ಅಪ್ಪನತ್ತ ತಿರುಗಿದರು.

"ಯಜಮಾನ್ರೇ, ನಿಮ್ಮ ಹೆಸರೇನು?"

ಅಪ್ಪ ಬಾಯಿ ತೆರೆದುಕೊಂಡು ಗೋಡೆ ನೋಡಿದ. "ಎಸ್ರಾ? ಅವ್ನೇ ಏಳ್ತಾನೆ ಬುದ್ದಿ."

"ಎಷ್ಟು ಜನ ಮಕ್ಕಳು?"

"ಇದ್ರು ಬುದ್ದಿ."

"ಈ ಜಮೀನು ಯಾರದು?"

"ಸರ್ಕಾರದ್ದು ಅಲ್ವರಾ?"

ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರನೊಂದಿಗೆ ಚಿಲ್ಲರೆಗೆ ಜಗಳ ಆಡಿದ್ದ ಮನುಷ್ಯ! ಜ್ವರ ಮತ್ತೆ ಬಂತೇ ಎಂದು ಹಣೆ ಮುಟ್ಟಿದೆ, ತಣ್ಣಗಿತ್ತು. ಅಧಿಕಾರಿ ಕಾಗದಗಳನ್ನು ನನ್ನ ಕಡೆ ತಳ್ಳಿದರು.

"ಇಂಗ್ಲಿಷ್ ಚೆನ್ನಾಗಿದೆ ಕಣ್ರೀ. ಮನುಷ್ಯ ಹಾಗಿಲ್ವಲ್ಲ. ಆಗಲ್ಲ, ಕರ್ಕೊಂಡು ಹೋಗಿ."

ಕೈಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಸಿಕೊಂಡು ಬಂದೆ. ಮುಂದೆ ಇವನನ್ನು ಯಾರು ನೋಡಿಕೊಳ್ಳುವುದು ಎಂದು ದಾರಿಯುದ್ದಕ್ಕೂ ನಿಜವಾಗಿಯೂ ಲೆಕ್ಕ ಹಾಕುತ್ತಿದ್ದೆ. ಹೋಟೆಲಿನಲ್ಲಿ ಟೀ ಹೇಳಿದೆ. ಅಪ್ಪ ಸಾಸರಿಗೆ ಸುರಿದುಕೊಂಡು ಸೊರ್ ಎಂದು ಕುಡಿದು, ನೆಟ್ಟಗೆ ನನ್ನ ಮುಖ ನೋಡಿದ.

"ಎಸ್ಟ್ ಎಕ್ರೆ ಬರ್ಸಿದ್ದೀಯ್ಲಾ ಅದ್ರಾಗೆ?"

ನಾನು ಟೀ ಲೋಟ ಕೆಳಗಿಟ್ಟೆ.

"ಅಪ್ಪಾ! ನಿಂಗೆ... ಎಲ್ಲಾ ಗೊತ್ತಾಯ್ತದಾ?"

"ಸರ್ಕಾರಕ್ಕೆ ಕೊಡ್ಲೇಬೇಕು ಅಂತ ಲೆವಿ ಭತ್ತ ಕೇಳೋಕೆ ಆಫೀಸರ್ಗಳು ಬತ್ತಿದ್ರಲ್ಲ, ಅವಾಗ್ಲಿಂದ ಪೆದ್ದನ ಯಾಸ ಹಾಕಿವ್ನಿ ಕಣ್ಲಾ. ಪೆದ್ದನ ತಾವ ಯಾರೂ ಏನೂ ಕಿತ್ಕೊಳಕಾಗಕ್ಕಿಲ್ಲ. ನೀನು ಪತ್ರ ಅಂದೆ, ಯಾವ ಪತ್ರ ಅಂತ ಏಳ್ನಿಲ್ಲ. ನಿನ್ ತಂಗಿ ಪಾಲೂ ಓಯ್ತದೇನೋ ಅಂತ ಅನ್ಮಾನ ಬಂತು, ಅದ್ಕೇ ಮಾಡ್ದೆ."

"ಅಲ್ಲಿಯೇ ಬ್ಯಾಡ ಅಂತ ಅನ್ಬೋದಿತ್ತಲ್ಲ?"

"ನಾಕ್ ಜನದ ಮುಂದೆ ಮಗನ್ನ ಕಳ್ಳ ಅನ್ಲಾ? ನಂಗ್ ತಲೆ ಕೆಟ್ಟದೆ ಅಂದ್ಕೊಂಡ್ರೆ ನಂಗೇನು ಓಯ್ತದೆ?"

ಮೇಷ್ಟ್ರು ಹೇಳಿಸಿದ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಪ್ಪನ ಬುದ್ಧಿ ತಿಳಿಯಾಗಿತ್ತು. ತಿಳಿಯಾಗಿದ್ದರಿಂದಲೇ ಕೆಲಸ ಕೆಟ್ಟಿತ್ತು. ತಿಳಿಯಾದ ಬುದ್ಧಿ ಎಂದರೆ ನಾನು ಹೇಳಿದ್ದಕ್ಕೆ ಹೂಂ ಅನ್ನುವ ಬುದ್ಧಿ ಎಂದುಕೊಂಡು ಆ ವಾಕ್ಯ ಹಿಡಿದುಕೊಂಡು ಹೋಗಿದ್ದೆ.

ಆದರೂ ಹುಟ್ಟುಗುಣ. "ತಂಗಿಗೆ ಅರ್ಧ ಎಕ್ರೆ ಬುಡ್ತೀನಿ" ಎಂದೆ.

"ಒಂದು."

"ಮುಕ್ಕಾಲು?"

"ಒಂದು. ಇಲ್ದಿದ್ರೆ ಮುಂದಿನ ಸಾರಿ ನಿನ್ನೂ ಯಾರು ಅಂತ ಕೇಳ್ತೀನಿ."

ಜೀವಮಾನದಲ್ಲಿ ಚೌಕಾಸಿಯಲ್ಲಿ ನಾನು ಅಷ್ಟು ಬೇಗ ಸೋತದ್ದಿಲ್ಲ. ಮುಂದಿನ ವಾರ ಡಾಕ್ಟರು ಮತ್ತೆ ಪರೀಕ್ಷಿಸಿದರು, ಅದೇ ವಾಕ್ಯ, ಬೇರೆ ತಾರೀಖು. ತಂಗಿಗೊಂದು, ನನಗೊಂದು ಎಂದು ಎರಡು ಪತ್ರ. ಅಧಿಕಾರಿ ಮತ್ತೆ ಪ್ರಶ್ನೆ ಕೇಳಿದರು. ಅಪ್ಪ ಹೆಸರು, ಮಕ್ಕಳು, ಸರ್ವೆ ನಂಬರು, ನಾಲ್ಕೂ ದಿಕ್ಕಿನ ಗಡಿ ಹೇಳುವ ಚೆಕ್‌ಬಂದಿ ಎಲ್ಲ ಗಡಗಡ ಒಪ್ಪಿಸಿದ. ಅಧಿಕಾರಿಯ ಕೈಯ ಪೆನ್ನು ಅಲ್ಲೇ ನಿಂತಿತು. "ಹೋದ ವಾರ ಏನಾಗಿತ್ತು ಯಜಮಾನ್ರೇ?" ಎಂದರು.

"ಓದ್ ವಾರ ಕಾಗ್ದ ಸರಿ ಇರ್ನಿಲ್ಲ ಬುದ್ದಿ."

ಯಾರದಾದರೂ ಬುದ್ಧಿ ಸರಿಯಿದೆ ಎಂದು ಬರೆಯುವ ಮುಂಚೆ ಅವರಿಗೇನು ಬೇಕೆಂದು ಕೇಳಿ. ನನ್ನ ಸಲಹೆ ಇಷ್ಟೇ.

ಹೊರಗೆ ಬಂದಾಗ ತಂಗಿ ಪತ್ರವನ್ನು ಸೆರಗಿನೊಳಗಿಟ್ಟುಕೊಂಡು ನನ್ನ ಕಾಲಿಗೆ ಬಗ್ಗಿದಳು. ಕಣ್ಣು ತುಂಬಿತ್ತು. "ಅಪ್ಪ ಏಳ್ತು ಕಣಣ್ಣ. ಅರ್ಧ ತಂಗಿಗೇ ಓಗ್ಬೇಕು ಅಂತ ನೀನೇ ಅಟ ಇಡಿದ್ಯಂತೆ."

ಅಪ್ಪನ ಕಡೆ ನೋಡಿದೆ. ಅವನು ಬಾಯಿ ತೆರೆದುಕೊಂಡು, ಏನೂ ಗೊತ್ತಿಲ್ಲದವನಂತೆ, ಆಫೀಸಿನ ಗೋಡೆ ನೋಡುತ್ತಿದ್ದ.